ಬೂದಿ ಬುಧವಾರದ ಮರುದಿನ

ಹೋದ ತಿಂಗಳು ಒಂದು ಬೆಳಿಗ್ಗೆ ಸಿಂಗಪುರದ ಕ್ಯಾಶ್ಯೂ ಸ್ಟೇಷನ್‌ನಲ್ಲಿ ಎಂಆರ್‌ಟಿ ರೈಲು ಹತ್ತಿದ ಹೆಂಗಸೊಬ್ಬರ ಹಣೆಯ ಮೇಲೆ ಬೂದಿ ಇತ್ತು. ನಾನು ಬುಕಿತ್ ಪಂಜಾಂಗ್‌ನಲ್ಲಿ ಹತ್ತಿ ಕಾಕಿ ಬುಕಿತ್‌ನಲ್ಲಿ ಇಳಿಯುವವಳು. ಹೆಚ್ಚುಕಡಿಮೆ ಆ ತುದಿಯಿಂದ ಈ ತುದಿಗೆ ಒಂದು ಗಂಟೆಯ ದಾರಿ. ಅಷ್ಟು ಹೊತ್ತು ಎದುರಿಗೆ ಕೂತವರ ಮುಖ ನೋಡುವುದು ನನ್ನ ಚಾಳಿ. ಆಕೆ ಕಚೇರಿಗೆ ಹೊರಟಿದ್ದ ಚೀನೀ ಹೆಂಗಸು, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ, ಹಣೆಯ ನಡುವೆ ಹೆಬ್ಬೆರಳಿನಲ್ಲಿ ಎಳೆದ ಕಪ್ಪು ಶಿಲುಬೆ. ಅಕ್ಕಪಕ್ಕದವರೆಲ್ಲ ಫೋನಿನಲ್ಲಿ ಮುಳುಗಿದ್ದರು. ನನ್ನ ಹಣೆಯಲ್ಲೂ ಮೂರೆಳೆ ವಿಭೂತಿ ಇತ್ತು. ಇಬ್ಬರನ್ನೂ ಯಾರೂ ನೋಡಲಿಲ್ಲ. ನಾನು ಮಾತ್ರ ಆಕೆಯನ್ನು ಎಷ್ಟು ಹೊತ್ತು ನೋಡಿದೆನೆಂದರೆ, ಆಕೆ ಎದ್ದು ಬೇರೆ ಸೀಟಿಗೆ ಹೋದರು.

ಐದು ವರ್ಷದ ಹಿಂದೆ ನಾನೊಂದು ಚಳಿಗಾಲ ಐರ್ಲೆಂಡಿನ ಗಾಲ್ವೇ ಎಂಬ ಊರಿನಲ್ಲಿ ಕಳೆದೆ. ಅಲ್ಲಿ ನಡೆದದ್ದನ್ನು ಮನೆಯವರಿಗೂ ಪೂರ್ತಿ ಹೇಳಿಲ್ಲ. ಹೇಳುವಂಥ ದೊಡ್ಡ ಸಂಗತಿಯೇನೂ ಅಲ್ಲ, ಹೇಳಿದರೆ ನನ್ನ ಮರ್ಯಾದೆ ಉಳಿಯುವುದೂ ಇಲ್ಲ.

ನಮ್ಮದು ಹೃದಯದ ರಕ್ತನಾಳದೊಳಗೆ ತೂರಿಸುವ ಸಪೂರ ಕೊಳವೆಗಳನ್ನು ಪರೀಕ್ಷಿಸುವ ಸಣ್ಣ ಕಾರ್ಖಾನೆ. ಅದರ ಮೂಲ ಕಂಪನಿ ಇದ್ದದ್ದು ಗಾಲ್ವೇಯಲ್ಲಿ. ಹೊಸ ಯಂತ್ರ ಬರುವ ಮೊದಲು ಒಬ್ಬರು ಅಲ್ಲಿ ಹದಿನೈದು ವಾರ ಇದ್ದು ಕಲಿತು ಬರಬೇಕಾಗಿತ್ತು. ಚಳಿಗೆ ಹೆದರಿ ಎಲ್ಲರೂ ಜಾರಿಕೊಂಡರು. ನಾನು ಒಪ್ಪಿಕೊಂಡೆ. ಗಜೇಂದ್ರಗಡದ ಕೂಡು ಕುಟುಂಬದಲ್ಲಿ ಹುಟ್ಟಿ, ಅಲ್ಲಿಂದ ಹಾಸ್ಟೆಲ್ಲು, ಅಲ್ಲಿಂದ ಗಂಡನ ಮನೆ, ಅಲ್ಲಿಂದ ಸಿಂಗಪುರದ ಮೂರು ಕೋಣೆಯ ಫ್ಲ್ಯಾಟು. ನಲವತ್ತು ವರ್ಷದಲ್ಲಿ ಒಂದು ದಿನವೂ ಒಂಟಿಯಾಗಿ ಇದ್ದವಳಲ್ಲ. ಒಂದು ಸಲ ಒಬ್ಬಳೇ ಇದ್ದು ನೋಡಬೇಕೆಂಬ ಹುಚ್ಚು ಹತ್ತಿತ್ತು. ಕೇಳಿದ್ದು ಸಿಕ್ಕಿತು, ಸಾಕು ಸಾಕೆನ್ನುವಷ್ಟು ಸಿಕ್ಕಿತು.

ಸಿಂಗಪುರದಲ್ಲಿ ಸೂರ್ಯ ಸರಕಾರಿ ನೌಕರನ ಹಾಗೆ, ಏಳಕ್ಕೆ ಬಂದು ಏಳಕ್ಕೆ ಹೋಗುತ್ತಾನೆ. ಗಾಲ್ವೇಯಲ್ಲಿ ಡಿಸೆಂಬರಿನ ಸೂರ್ಯ ಒಂಬತ್ತರ ಹೊತ್ತಿಗೆ ಮುಖ ತೋರಿಸಿ, ನಾಲ್ಕೂವರೆಯ ಒಳಗೆ ಕೈತೊಳೆದುಕೊಳ್ಳುತ್ತಿದ್ದ. ನಾನು ಕೆಲಸಕ್ಕೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಕಡಲಿನ ಕಡೆಯಿಂದ ಅಡ್ಡಡ್ಡ ಬರುತ್ತಿತ್ತು. ಮೊದಲ ದಿನ ಕೊಂಡ ಕೊಡೆ ಎರಡನೇ ದಿನ ತಿರುವುಮುರುವಾಗಿ ಕಡ್ಡಿ ಮುರಿದುಕೊಂಡಿತು. ಕೆಲಸ ಕಲಿಸುತ್ತಿದ್ದ ಓರ್ಲಾ ಎಂಬ ಹುಡುಗಿ ನಕ್ಕು, "ಇಲ್ಲಿ ಕೊಡೆ ಹಿಡಿಯೋರು ಟೂರಿಸ್ಟ್‌ಗಳು ಮಾತ್ರ" ಅಂದಳು. (ಅಲ್ಲಿನವರ ಇಂಗ್ಲಿಷನ್ನು ನನಗೆ ಅರ್ಥವಾದ ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೊದಲ ತಿಂಗಳು ಅದೂ ಅರ್ಧಂಬರ್ಧ.)

ಪರಸ್ಥಳದವರು ಮಾಡುವ ಎಡವಟ್ಟುಗಳನ್ನೆಲ್ಲ ಮಾಡಿದೆ. ಸಿಂಗಪುರದ ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ಗಳಲ್ಲಿ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇಟ್ಟು ಹೋದರೆ ಆಯಿತು, ಆ ಜಾಗ ನಿಮ್ಮದು, ಇಂದ್ರ ಬಂದರೂ ಕೂರುವುದಿಲ್ಲ. ಅದೇ ಧೈರ್ಯದಲ್ಲಿ ಅಲ್ಲಿನ ಒಂದು ಕಾಫಿ ಅಂಗಡಿಯಲ್ಲಿ ಪ್ಯಾಕೆಟ್ ಇಟ್ಟು ಸೂಪು ತರಲು ಹೋದೆ. ಬರುವಷ್ಟರಲ್ಲಿ ಮುದಿ ದಂಪತಿ ಅಲ್ಲಿ ಕೂತಿದ್ದರು. ಅಜ್ಜ ನನ್ನ ಟಿಶ್ಯೂ ತೆಗೆದು ಮೂಗು ಒರೆಸಿಕೊಂಡು, ಇಂಥ ಒಳ್ಳೆಯ ವ್ಯವಸ್ಥೆ ಮಾಡಿದ್ದಕ್ಕೆ ಅಂಗಡಿಯವರನ್ನು ಹೊಗಳುತ್ತಿದ್ದರು. ನಾನು ಸೂಪನ್ನು ನಿಂತೇ ಕುಡಿದೆ.

ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ನಾನೂ ಕಲಿತೆ. ಶನಿವಾರ ಭಾನುವಾರಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಂದ ಹೊರಟ ಮಾತು ಅದೊಂದೇ ಆಗಿರುತ್ತಿತ್ತು. ಒಂದು ಭಾನುವಾರ ಬೇಕಿಲ್ಲದಿದ್ದರೂ ಎರಡು ಸ್ಟಾಪಿಗೊಮ್ಮೆ ಇಳಿದು ಹತ್ತಿ, ನಾಲ್ಕು ಸಲ ಹೇಳಿ ಬಂದೆ. ಕಡಲ ದಂಡೆಯಲ್ಲಿ ಉದ್ದನೆಯ ದಾರಿಯೊಂದಿದೆ. ಅದರ ತುದಿಯವರೆಗೆ ನಡೆದವರು ಅಲ್ಲಿನ ಗೋಡೆಗೆ ಕಾಲಿನಿಂದ ಒಮ್ಮೆ ಒದ್ದು ಹಿಂದಿರುಗಬೇಕು, ಅದು ಆ ಊರಿನ ರೂಢಿ. ಗಂಡ ಹೆಂಡತಿ, ಮಕ್ಕಳು, ನಾಯಿ ಹಿಡಿದವರು, ಎಲ್ಲರೂ ನಗುತ್ತ ಒದೆಯುತ್ತಿದ್ದರು. ನಾನೂ ಒದ್ದೆ. ಒಬ್ಬಳೇ ನಿಂತು ಗೋಡೆಗೆ ಒದೆಯುವಾಗ ಎಷ್ಟು ಅಳು ಬರುತ್ತದೆ ಎನ್ನುವುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಮನೆಗೆ ಫೋನ್ ಮಾಡುವುದಕ್ಕೂ ಗಡಿಯಾರ ಅಡ್ಡ ಬರುತ್ತಿತ್ತು. ಎಂಟು ಗಂಟೆಯ ವ್ಯತ್ಯಾಸ. ನಾನು ಕೆಲಸ ಮುಗಿಸಿ ಬರುವಾಗ ಅವರು ಮಲಗಿರುತ್ತಿದ್ದರು. ಹಾಗಾಗಿ ಬೆಳಗಿನ ಏಳಕ್ಕೆ, ಮಗಳು ಸೃಷ್ಟಿ ಶಾಲೆಯಿಂದ ಬಂದ ಹೊತ್ತಿಗೆ ಮಾಡುತ್ತಿದ್ದೆ. ಆಗ ಅವಳಿಗೆ ಹನ್ನೊಂದು.

"ಊಟ ಮಾಡಿದಿ ಏನವ್ವಾ?"

"ಮಾಡ್ದೆ ಅಮ್ಮಾ. ಟ್ಯೂಷನ್‌ಗೆ ಲೇಟ್ ಆಗ್ತಿದೆ ಲಾ. ಆಮೇಲೆ ಕಾಲ್ ಮಾಡ್ತೀನಿ, ಓಕೆ?"

ಆಮೇಲೆ ಎನ್ನುವುದು ಬರುತ್ತಿರಲಿಲ್ಲ. ಗಂಡ ಮಹೇಶ್ ಆಫೀಸಿನಿಂದ ಸಣ್ಣ ದನಿಯಲ್ಲಿ, "ಎಲ್ಲಾ ಸರಿ ಅದ, ನೀ ಏನೂ ಟೆನ್ಶನ್ ಮಾಡ್ಕೋಬ್ಯಾಡ. ನಾವು ಮ್ಯಾನೇಜ್ ಮಾಡ್ಲಿಕತ್ತೀವಿ" ಅನ್ನುತ್ತಿದ್ದರು. ಅವರು ಮ್ಯಾನೇಜ್ ಮಾಡುತ್ತಿದ್ದರು, ಅದೇ ನನ್ನ ಟೆನ್ಶನ್. ನಾನಿಲ್ಲದೆಯೂ ಆ ಮನೆ ನಡೆಯುತ್ತಿತ್ತು.

ಇನ್ನು ನಾನಿದ್ದ ಮನೆ. ನದಿಯ ಆಚೆ, ಸಾಲು ಮನೆಗಳಲ್ಲಿ ಒಂದು. ಅದರ ಒಡತಿ ನೋರಾ, ಎಪ್ಪತ್ತೆಂಟು ವರ್ಷದ ವಿಧವೆ. ಮಹಡಿಯ ಕೋಣೆಯನ್ನು ನನ್ನಂಥವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಹೋದ ದಿನವೇ ನಾನು ಸಿಂಗಪುರದ ರೂಢಿಯಂತೆ "ಆಂಟಿ" ಅಂದೆ.

"ನಾನು ಯಾರ ಆಂಟಿನೂ ಅಲ್ಲ. ನೋರಾ ಅನ್ನು."

ತಾಯಿಯ ವಯಸ್ಸಿನವರನ್ನು ಬರೀ ಹೆಸರಿಟ್ಟು ಕೂಗುವುದಕ್ಕೆ ನನ್ನ ನಾಲಿಗೆ ಏಳಲಿಲ್ಲ. ಹಾಗಾಗಿ ಏನೂ ಕರೆಯದೆಯೇ ವಾರಗಳನ್ನು ಕಳೆದೆ. ಎದುರಿಗೆ ಬಂದಾಗ ಕೆಮ್ಮುತ್ತಿದ್ದೆ. ಅವರಿಗೂ ಶಿವಲೀಲಾ ಎನ್ನುವುದು ಉದ್ದವಾಗಿ, ಬರೀ ಲೀಲಾ ಮಾಡಿಕೊಂಡಿದ್ದರು. ಅಡುಗೆಮನೆಯಲ್ಲಿ ಆರೂವರೆಯ ಒಳಗೆ ನನ್ನ ಕೆಲಸ ಮುಗಿಯಬೇಕು, ಮುಂದಿನ ಕೋಣೆ ನನ್ನದಲ್ಲ, ಇವೆರಡೇ ಅವರ ಕಟ್ಟಳೆ. ಆ ಮುಂದಿನ ಕೋಣೆಯಲ್ಲಿ ಬೆಂಕಿಗೂಡಿತ್ತು, ಎರಡು ಕುರ್ಚಿ ಇದ್ದವು. ಒಂದರಲ್ಲಿ ಅವರು ಕೂತು ರೇಡಿಯೋ ಕೇಳುತ್ತಿದ್ದರು. ಇನ್ನೊಂದು ಖಾಲಿ ಇರುತ್ತಿತ್ತು. ನಾನು ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದು, ಮುಚ್ಚಿದ ಆ ಬಾಗಿಲು ದಾಟಿ ಮಹಡಿ ಹತ್ತುತ್ತಿದ್ದೆ. ಒಳಗಿನ ರೇಡಿಯೋ ಸದ್ದು ಮೆಟ್ಟಿಲವರೆಗೆ ಕೇಳುತ್ತಿತ್ತು. ಒಳ್ಳೆಯವರೇ, ಆದರೆ ಬೇಲಿ ಹಾಕಿಕೊಂಡವರು. ನಾನೂ ಬೇಲಿ ಹಾರುವ ಪೈಕಿ ಅಲ್ಲ.

ಜನವರಿಯ ಒಂದು ಮಂಜುಗಡ್ಡೆಯ ಬೆಳಿಗ್ಗೆ ಅವರು ಬಾಗಿಲ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಉಳುಕಿಸಿಕೊಂಡರು. ಎತ್ತಲು ಹೋದರೆ ಕೈ ಕೊಡಲಿಲ್ಲ. ಗೋಡೆ ಹಿಡಿದು ತಾವೇ ಎದ್ದರು. ಅಂದಿನಿಂದ ಮನೆಯಲ್ಲೇ ಉಳಿದರು. ವಾರಕ್ಕೊಮ್ಮೆ ನಾನೇ ಹಾಲು, ಬ್ರೆಡ್ಡು, ಪೇಪರು ತಂದಿಡುತ್ತಿದ್ದೆ. ಮೇಜಿನ ಮೇಲೆ ಒಂದು ಥ್ಯಾಂಕ್ಸ್ ಚೀಟಿ ಇರುತ್ತಿತ್ತು.

ನಮ್ಮ ಮನೆತನದಲ್ಲಿ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಬೆಳಿಗ್ಗೆ ಪೂಜೆ ಮಾಡದೆ ನೀರೂ ಮುಟ್ಟುವುದಿಲ್ಲ. ಎಲ್ಲಿದ್ದರೂ ನನಗೆ ಹತ್ತು ನಿಮಿಷ ಬೇಕು. ಅಂಗೈಯಲ್ಲಿ ಇಷ್ಟಲಿಂಗ, ಹಣೆಗೆ ಮೂರು ಬೆರಳಿನ ವಿಭೂತಿ. ಸಿಂಗಪುರದಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಗಾಲ್ವೇಯಲ್ಲಿ ಮೊದಲ ವಾರವೇ ಓರ್ಲಾ ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಅಕ್ಕರೆಯಿಂದ, "ಹಣೆ ಮೇಲೆ ಏನೋ ಮೆತ್ತಿಕೊಂಡಿದೆ" ಎಂದು ಟಿಶ್ಯೂ ಕೊಟ್ಟಳು. ಇದು ಹೀಗೆ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಹೇಳಲಿಲ್ಲ, ಒರೆಸಿಕೊಂಡೆ. ಅಂದಿನಿಂದ ದಿನಾ ಬೆಳಿಗ್ಗೆ ಹಚ್ಚಿಕೊಂಡು, ಮಹಡಿ ಇಳಿಯುವ ಮೊದಲೇ ಒರೆಸಿಕೊಳ್ಳುವುದು ಅಭ್ಯಾಸವಾಯಿತು. ನಾಚಿಕೆಯಾಗುತ್ತಿತ್ತು. ಒರೆಸಿಕೊಳ್ಳುವುದಕ್ಕೂ ಹಚ್ಚಿಕೊಳ್ಳುವುದಕ್ಕೂ ಎರಡಕ್ಕೂ ನಾಚಿಕೆ.

ಹೀಗೇ ಹದಿನಾಲ್ಕು ವಾರ ಕಳೆದವು. ಕೊನೆಯ ವಾರದ ಬುಧವಾರ, ಹತ್ತು ಗಂಟೆಯ ಚಹಾಕ್ಕೆ ಹೋದರೆ ಓರ್ಲಾಳ ಹಣೆಯ ಮೇಲೆ ಬೂದಿ! ಗೇಟಿನ ಕಾವಲುಗಾರನ ಹಣೆಯಲ್ಲಿ, ಕ್ಯಾಂಟೀನಿನ ಹೆಂಗಸಿನ ಹಣೆಯಲ್ಲಿ, ಸದಾ ಗಂಟುಮುಖದ ಮ್ಯಾನೇಜರನ ಹಣೆಯಲ್ಲಿ. ಒಂದು ಕ್ಷಣ ನನಗೆ ತಲೆ ಕೆಟ್ಟಿತೇನೋ ಎನ್ನಿಸಿತು. ಶ್ರಾವಣ ಸೋಮವಾರ ನಮ್ಮೂರ ಮಠದ ಅಂಗಳಕ್ಕೆ ಕಾಲಿಟ್ಟಂತಾಯಿತು.

"ಬೂದಿ ಬುಧವಾರ ಅಲ್ವಾ," ಅಂದಳು ಓರ್ಲಾ. "ಚರ್ಚಲ್ಲಿ ಹಚ್ತಾರೆ. ಇವತ್ತಿಂದ ನಲವತ್ತು ದಿನ ವ್ರತ. ನಾನು ಚಾಕಲೇಟ್ ಬಿಟ್ಟಿದೀನಿ."

ನಲವತ್ತು ದಿನ. ನನ್ನ ಪರ್ಸಿನಲ್ಲಿ ಅತ್ತೆ ಕೊಟ್ಟ ಪುಟ್ಟ ಡಬ್ಬಿಯಲ್ಲಿ ವಿಭೂತಿಯ ಚೂರು ಇತ್ತು. ಟಾಯ್ಲೆಟ್ಟಿಗೆ ಹೋಗಿ, ಕನ್ನಡಿಯ ಮುಂದೆ ನಿಂತು, ಬೆರಳು ಒದ್ದೆ ಮಾಡಿಕೊಂಡು ಹಚ್ಚಿಕೊಂಡೆ. ಹೊರಗೆ ಬಂದೆ. ಯಾರೂ ಟಿಶ್ಯೂ ಕೊಡಲಿಲ್ಲ. ಕಾವಲುಗಾರ ನನ್ನ ಹಣೆ ನೋಡಿ ತಲೆಯಾಡಿಸಿದ. ಸಂಜೆ ಬಸ್ಸಿನಲ್ಲಿ ಅಪರಿಚಿತ ಅಜ್ಜಿಯೊಬ್ಬರು ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಚರ್ಚಿನ ಬೆಳಗಿನ ಪೂಜೆಗೆ ಎಷ್ಟು ಜನ ಬಂದಿದ್ದರೆಂದು ಕೇಳಿದರು. "ಬಹಳ ಜನ" ಅಂದೆ. ಅಷ್ಟು ಸುಲಭವಾಗಿ ಬಾಯಿಂದ ಬಂತು. ಮೂರೂವರೆ ತಿಂಗಳಲ್ಲಿ ಮೊದಲ ಸಲ ಆ ಊರು ನನ್ನನ್ನು ತನ್ನವಳೆಂದು ನೋಡಿತ್ತು.

ಇಳಿದು ಮನೆಗೆ ನಡೆಯುವಾಗ ಮಳೆ ಹೊಡೆಯಿತು. ಮೂರು ಎಳೆ ಕಲಸಿಹೋಗಿ ಒಂದು ಬೂದು ಕಲೆ ಉಳಿದಿತ್ತು. ಅಂದು ನೋರಾರ ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಅವರು ಕೋಟು ಹಾಕಿಕೊಂಡು, ಊರುಗೋಲು ಹಿಡಿದು, ಕಿಟಕಿಯ ಪಕ್ಕ ಕೂತಿದ್ದರು. ಚರ್ಚಿಗೆ ಕರೆದೊಯ್ಯುತ್ತೇನೆಂದಿದ್ದ ಪಕ್ಕದ ಮನೆಯವನ ಕಾರು ಬಂದಿರಲಿಲ್ಲ. ಬೆಳಗಿನಿಂದ ಹಾಗೇ ಕಾದಿದ್ದರೋ ಏನೋ. ನನ್ನ ಹಣೆ ನೋಡಿದವರೇ ಎದ್ದು ನಿಲ್ಲಲು ಹೋದರು.

"ಲೀಲಾ! ನೀನು ನಮ್ಮವಳೇ? ಇಷ್ಟು ದಿನ ಹೇಳಲೇ ಇಲ್ವಲ್ಲ! ಎಲ್ಲಿ ಸಿಕ್ತು?"

ಬಸ್ಸಿನಿಂದ ದಿನಾ ಕಾಣುವ ಹಸಿರು ಗುಮ್ಮಟದ ದೊಡ್ಡ ಚರ್ಚಿನ ಹೆಸರು ಹೇಳಿದೆ.

ಅವರು ಖಾಲಿ ಕುರ್ಚಿ ತೋರಿಸಿದರು. ಹದಿನಾಲ್ಕು ವಾರ ಮುಚ್ಚಿದ್ದ ಕೋಣೆಯಲ್ಲಿ, ಬೆಂಕಿಯ ಎದುರು ಕೂತೆ. ಉಪವಾಸದ ದಿನವೆಂದು ಹಾಲಿಲ್ಲದ ಚಹಾ, ಬೆಣ್ಣೆಯಿಲ್ಲದ ಬ್ರೆಡ್ಡು. ಆ ಕುರ್ಚಿ ಗಂಡನದು ಎಂದರು. ಮೀನಿನ ದೋಣಿಯಲ್ಲಿದ್ದ ಮನುಷ್ಯ, ಮಾತು ಕಡಿಮೆ, ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ ಎಂದು ನಕ್ಕರು. ಮಕ್ಕಳಿಲ್ಲ. ನಾನೂ ಸೃಷ್ಟಿಯ ಬಗ್ಗೆ ಹೇಳಿದೆ, ಅವಳು ಫೋನಿಗೆ ಸಿಗುವುದಿಲ್ಲವೆಂದು ಹೇಳಿದೆ, ಹೇಳುತ್ತ ಅತ್ತುಬಿಟ್ಟೆ. ಅವರು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. ಎಷ್ಟು ಹಿತವಾಗಿತ್ತೆಂದರೆ, ಸುಳ್ಳಿನ ಮೇಲೆ ಕೂತಿದ್ದೇನೆ ಎನ್ನುವುದು ಮರೆತೇಹೋಗಿತ್ತು.

ಆಮೇಲೆ ಅವರು ಸ್ವಲ್ಪ ಸಂಕೋಚದಿಂದ ಕೇಳಿದರು.

"ಮನೆಗೆ ಒಂದಿಷ್ಟು ತರಲಿಲ್ವಾ? ಆಚೆ ಬರೋಕಾಗದವರಿಗೆ ಅಂತ ಪುಟ್ಟ ಪೊಟ್ಟಣದಲ್ಲಿ ಕೊಡ್ತಾರೆ. ತಂದವರೇ ಹಣೆಗೆ ಹಚ್ಚಬಹುದು. ಹುಡುಗಿಯಾಗಿದ್ದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ ನಾನು."

ಮಹಡಿಯ ಮೇಲೆ ನನ್ನ ಚೀಲದಲ್ಲಿ ಮುಷ್ಟಿ ಗಾತ್ರದ ವಿಭೂತಿ ಗಟ್ಟಿ ಇತ್ತು. ಪರ್ಸಿನಲ್ಲಿ ಡಬ್ಬಿ ಇತ್ತು. ಅದನ್ನು ಚರ್ಚಿನದೆಂದು ಹೇಳಿ ಹಚ್ಚಿದರೆ ಅವರ ದೇವರಿಗೂ ನನ್ನ ದೇವರಿಗೂ ಮೋಸ. ಇದು ನಮ್ಮದು ಎಂದು ನಿಜ ಹೇಳಿದರೆ, ಈ ಕುರ್ಚಿ ಹೋಗುತ್ತದೆ. ನಾನು ಕುರ್ಚಿಯನ್ನು ಉಳಿಸಿಕೊಂಡೆ.

"ಇಲ್ಲ," ಅಂದೆ. "ಗೊತ್ತಿರಲಿಲ್ಲ."

"ಹೋಗಲಿ ಬಿಡು," ಅಂದರು. ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದರು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿದವಳು ಹಣೆ ಒರೆಸಿಕೊಳ್ಳಲಿಲ್ಲ. ನಲವತ್ತು ದಿನ ಎಂದಿದ್ದಳಲ್ಲ ಓರ್ಲಾ. ನಮ್ಮಲ್ಲಿ ವ್ರತ ಎಷ್ಟು ದಿನವೋ ವಿಭೂತಿ ಅಷ್ಟೂ ದಿನ. ವ್ರತ ಇಲ್ಲದಿದ್ದರೂ ದಿನಾ. ಈ ಊರಿನವರೂ ನಲವತ್ತು ದಿನ ಹಣೆಗೆ ಬೂದಿ ಹಚ್ಚಿಕೊಂಡೇ ತಿರುಗುತ್ತಾರೆ ಎಂದುಕೊಂಡೆ. ಬೂದಿಯೊಳಗೇ ಬೆಳೆದವಳಿಗೆ ಬೇರೆ ಹೇಗೆ ಹೊಳೆಯಬೇಕು? ದಪ್ಪನಾಗಿ, ನೆಟ್ಟಗೆ, ಮೂರೆಳೆ ಎಳೆದುಕೊಂಡು ಹೆಮ್ಮೆಯಿಂದ ಇಳಿದೆ.

ನೋರಾ ಅಡುಗೆಮನೆಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟು ಗಂಜಿ ಕುಡಿಯುತ್ತಿದ್ದರು. ಕನ್ನಡಕ ಹಾಕಿಕೊಂಡು ನೋಡಿದರು.

"ಮುಖ ತೊಳೀಲಿಲ್ವಾ?"

"ತೊಳೆದೆ. ಇದು ಇವತ್ತಿನದು."

"ಇವತ್ತು? ಇವತ್ತು ಯಾರು ಕೊಟ್ರು?"

"ನಲವತ್ತು ದಿನ ಅಲ್ವಾ?"

"ವ್ರತ ನಲವತ್ತು ದಿನ. ಬೂದಿ ಒಂದೇ ದಿನ, ಲೀಲಾ."

ನಾನು ಮೇಲೆ ಹೋಗಿ ವಿಭೂತಿ ಗಟ್ಟಿ ತಂದು ಮೇಜಿನ ಮೇಲಿಟ್ಟೆ. ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದೆ. ಲಿಂಗ, ಪೂಜೆ, ಟಿಶ್ಯೂ, ಟಾಯ್ಲೆಟ್ಟಿನ ಕನ್ನಡಿ, ಹಸಿರು ಗುಮ್ಮಟದ ಸುಳ್ಳು. ಅವರು ಗಟ್ಟಿಯನ್ನು ಕೈಗೆತ್ತಿಕೊಂಡು ಮೂಸಿದರು.

"ಏನು ಸುಟ್ಟು ಮಾಡ್ತೀರಿ?"

"ಸಗಣಿ. ಹಸುವಿನದು."

"ನಮ್ಮದು ಹೋದ ವರ್ಷದ ಹಬ್ಬಕ್ಕೆ ಚರ್ಚಲ್ಲಿ ಕೊಟ್ಟ ತಾಳೆ ಗರಿ." ಗಟ್ಟಿಯನ್ನು ಮೇಜಿನ ಮೇಲಿಟ್ಟು, "ನಿನ್ನೆ ಇದು ಎಲ್ಲಿತ್ತು?" ಎಂದರು.

"ಮೇಲೆ, ನನ್ನ ರೂಮಲ್ಲಿ."

"ನಾನು ಕೇಳಿದಾಗ?"

"ಆಗಲೂ ಮೇಲೇ ಇತ್ತು. ಚರ್ಚಿಗೆ ಹೋಗಿದ್ದೆ ಅಂತ ಸುಳ್ಳು ಹೇಳಿದ್ದಕ್ಕೆ ಕ್ಷಮಿಸಬೇಕು."

ಅವರು ಕೈ ಒದರಿದರು. "ಚರ್ಚಿಗೆ ಹೋಗಿದ್ದೆ ಅಂತ ಈ ಊರಲ್ಲಿ ಅರ್ಧ ಜನ ಸುಳ್ಳು ಹೇಳ್ತಾರೆ. ಅದಲ್ಲ." ಚಮಚವನ್ನು ಬಟ್ಟಲಲ್ಲಿ ಬಿಟ್ಟರು. "ನನ್ನ ಗಂಡ ಹೋಗಿ ಹನ್ನೊಂದು ವರ್ಷ. ಅಲ್ಲಿಂದ ಈಚೆಗೆ ವರ್ಷಕ್ಕೆ ಒಂದು ಸಲ ಒಬ್ಬರು ನನ್ನ ಮುಖ ಮುಟ್ತಾರೆ. ಪಾದ್ರಿ, ಹೆಬ್ಬೆರಳಲ್ಲಿ. ಬೇರೆ ಯಾರೂ ಇಲ್ಲ. ಯಾರ ಬೂದಿ ಅಂತ ನಾನು ಕೇಳ್ತಿದ್ನಾ?"

ನಾನು ಗಟ್ಟಿಯ ಮೇಲೆ ಬೆರಳು ಉಜ್ಜಿಕೊಂಡು, "ಈಗ ಹಚ್ಚಲಾ?" ಅಂದೆ. "ನಮ್ಮಲ್ಲಿ ದಿನಾ ಹಚ್ತೀವಿ."

"ನಿಮ್ಮಲ್ಲಿ ದಿನಾ," ಅಂದರು ನೋರಾ. "ನಮ್ಮಲ್ಲಿ ನಿನ್ನೆ."

ಗಟ್ಟಿಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, ಗಂಜಿಯ ಚಮಚ ಎತ್ತಿಕೊಂಡರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದು ಬಸ್ಸಿನಲ್ಲಿ ಯಾರ ಹಣೆಯಲ್ಲೂ ಏನೂ ಇರಲಿಲ್ಲ. ಓರ್ಲಾ ನನ್ನ ಹಣೆ ನೋಡಿ ಟಿಶ್ಯೂಗೆ ಕೈ ಹಾಕಿದಾಗ, "ಇದು ನಮ್ಮ ವಿಭೂತಿ, ದಿನಾ ಹಚ್ಚಿಕೊಳ್ತೀನಿ" ಅಂದೆ. "ಓ, ಚೆನ್ನಾಗಿದೆ" ಅಂದು ಯಂತ್ರದ ಕಡೆ ತಿರುಗಿದಳು. ಇಷ್ಟೇ ಇದ್ದದ್ದು. ಹದಿನಾಲ್ಕು ವಾರ ಹೇಳದೆ ನುಂಗಿಕೊಂಡ ಮಾತಿಗೆ ಹಿಡಿದದ್ದು ಅರ್ಧ ನಿಮಿಷ.

ಗುರುವಾರ, ಶುಕ್ರವಾರ ಸಂಜೆ ಮುಂದಿನ ಕೋಣೆಯ ಬಾಗಿಲು ಮುಚ್ಚಿರಲಿಲ್ಲ, ಅರೆತೆರೆದಿತ್ತು. ಒಳಗೆ ರೇಡಿಯೋ ಇತ್ತು. ಕರೆಯುತ್ತಾರೆಂದು ನಾನು ಮೆಟ್ಟಿಲ ಬುಡದಲ್ಲಿ ನಿಂತೆ. ಬರುತ್ತಾಳೆಂದು ಅವರೂ ಕಾದಿರಬಹುದು, ನನಗೆ ಗೊತ್ತಿಲ್ಲ. ಎರಡೂ ದಿನ ಮೇಲೆ ಹೋಗಿ ಪೆಟ್ಟಿಗೆ ಕಟ್ಟಿದೆ.

ಶನಿವಾರ ಬೆಳಿಗ್ಗೆ ಹೊರಟೆ. ನೋರಾ ಊರುಗೋಲು ಹಿಡಿದು ಬಾಗಿಲವರೆಗೆ ಬಂದಿದ್ದರು. ದಾರಿಗೆಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ಮಗಳಿಗೆ ನನ್ನ ಪ್ರೀತಿ ಹೇಳು" ಅಂದು ಕೈ ಚಾಚಿದರು. ನಾನು ಕೈ ಕುಲುಕಿದೆ, ಆಫೀಸಿನಲ್ಲಿ ಕುಲುಕುವ ಹಾಗೆ. "ಬರ್ತೀನಿ, ನೋರಾ" ಅಂದೆ. ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಬಸ್ಸು ಹತ್ತಿ, ಕೂತು, ಕಿಟಕಿ ಒರೆಸಿ ನೋಡಿದರೆ ಬೀದಿಯ ಆ ತುದಿಯ ಬಾಗಿಲಲ್ಲಿ ಇನ್ನೂ ನಿಂತಿದ್ದರು. ತಿರುವು ದಾಟಿದ ಮೇಲೆ ಹೊಳೆಯಿತು. ಅವರಿಗೆ ಬೇಕಾಗಿದ್ದದ್ದು ಬೂದಿಯಲ್ಲ. ನಮ್ಮೂರಲ್ಲಿ ಹೊರಡುವಾಗ ಚಿಕ್ಕವರು ದೊಡ್ಡವರೆನ್ನದೆ ಒಬ್ಬರ ಕೆನ್ನೆ ಒಬ್ಬರು ಸವರಿ, ದೃಷ್ಟಿ ತೆಗೆಯಲು ಬೆರಳ ಲಟಿಗೆ ಮುರಿಯುವುದಕ್ಕೆ ಯಾವ ವಾರವೂ ಬೇಕಿಲ್ಲ, ಯಾವ ದೇವರ ಅಪ್ಪಣೆಯೂ ಬೇಕಿಲ್ಲ. ಈ ಕೈಯಿಂದ ಎಷ್ಟು ಜನ ಅಜ್ಜಿಯರಿಗೆ ಮಾಡಿದ್ದೇನೋ. ಮುಂದಿನ ಸ್ಟಾಪು ಬಂತು. ಇಳಿದರೆ ಹಿಂದಕ್ಕೆ ಐದು ನಿಮಿಷದ ದಾರಿ, ವಿಮಾನಕ್ಕೆ ಇನ್ನೂ ಏಳು ತಾಸು ಇತ್ತು. ಬಾಗಿಲು ತೆರೆಯಿತು. ಇಬ್ಬರು ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿದರು. ನಾನು ಬ್ರೆಡ್ಡಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ.